ಕಾಕನಕೋಟೆ ಫೋಟೊದಲ್ಲಿ ನಮ್ಮವರ ಹೆಸರೆಲ್ಲಿ?



ಹೋದ ತಿಂಗಳು ಹಳೇ ಫೋಟೊ ಒಂದರ ಪ್ರಿಂಟ್ ತರಿಸಿದೆ. ಕಾಕನಕೋಟೆ ಖೆಡ್ಡಾದ್ದು. ಹತ್ತಿ ನಾರಿನ ದಪ್ಪ ಕಾಗದ, ಬೇಗ ಮಾಸದ ಇಂಕು. ಇದಕ್ಕೆ 'ಫೈನ್ ಆರ್ಟ್ ಪ್ರಿಂಟ್' ಅಂತಾರೆ. ಬೆಲೆ ನಮ್ಮನೆಯ ಒಂದು ತಿಂಗಳ ಬಾಡಿಗೆ. ಹೆಂಡ್ತಿ ಬೈದಳು, ನ್ಯಾಯವಾಗೇ ಬೈದಳು.

ಚಿತ್ರದಲ್ಲಿ ಆನೆಗಳಿವೆ, ಮರದ ದಿಮ್ಮಿಯ ಬೇಲಿ ಇದೆ, ಹಗ್ಗ ಹಿಡಿದ ಹತ್ತಾರು ಜನ ಇದ್ದಾರೆ. ಅಡಿಬರಹದಲ್ಲಿ ಜಾಗದ ಹೆಸರಿದೆ. ಆ ಜನರ ಹೆಸರಿಲ್ಲ.

ಎಚ್.ಡಿ. ಕೋಟೆ ಕಡೆಯ ಹಾಡಿಯೊಂದಕ್ಕೆ ಒಯ್ದು ಹಿರಿಯರೊಬ್ಬರ ಕೈಗಿಟ್ಟೆ. ಅವರು ಆನೆ ನೋಡಲಿಲ್ಲ, ಹಗ್ಗದ ಗಂಟು ನೋಡಿದ್ರು. "ಇದು ನಮ್ಮೋರ್ ಕಟ್ಟಿರೋ ಗಂಟು ಕಣಪ್ಪ" ಅಂದ್ರು. ಕೊಟ್ಟ ದುಡ್ಡು ಆಗ ವಸೂಲಾಯ್ತು.

1906ರಲ್ಲಿ ಇಂಗ್ಲೆಂಡಿನ ಯುವರಾಜ ಮೈಸೂರಿಗೆ ಬಂದಾಗಲೂ ಖೆಡ್ಡಾ ತೋರಿಸಿದ್ರು. ಕಾಡು ಬಲ್ಲವರು, ಆನೆ ಪಳಗಿಸಿದವರು ಜೇನುಕುರುಬರು, ಬೆಟ್ಟಕುರುಬರು. ಚರಿತ್ರೆಯಲ್ಲಿ ಉಳಿದದ್ದು ಮಾತ್ರ ಮಹಾರಾಜರು, ಅತಿಥಿಗಳು. ಕೊನೆಯ ಖೆಡ್ಡಾ 1971ರಲ್ಲಿ. ಆಮೇಲೆ ಕಬಿನಿ ಹಿನ್ನೀರು ಆ ಬಯಲನ್ನೂ ನುಂಗಿತು.

ಹೆಸರು ಉಳಿಸಿಕೊಂಡ ಒಬ್ಬ ಹುಡುಗ ಇದ್ದಾನೆ: ಸಾಬು. ಇದೇ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಹಾಲಿವುಡ್ ಮುಟ್ಟಿದ. ಒಬ್ಬ ಮಾವುತನ ಮಗನ ಹೆಸರು ಉಳಿಯೋಕೆ ಹಾಲಿವುಡ್ಡೇ ಬರಬೇಕಾಯ್ತು ನೋಡಿ.

ಇನ್ನೊಂದು ಥರದ ಫೋಟೊಗಳಿವೆ. ಥರ್ಸ್ಟನ್ ಸಾಹೇಬ ನಮ್ಮಂಥವರ ಮೂಗು, ತಲೆ ಅಳೆದ. 1909ರಲ್ಲಿ ಏಳು ಸಂಪುಟ ತಂದ. ಅಲ್ಲಿ ಮನುಷ್ಯರು ಜಾತಿಯ ಮಾದರಿಗಳು, ಅಷ್ಟೇ. ಅಂಥ ಚಿತ್ರವನ್ನು ಚೆಂದಕ್ಕೆ ಅಂತ ಗೋಡೆಗೆ ಹಾಕೋದು ನನ್ನ ಕೈಲಾಗಲ್ಲ. ಸಂಗ್ರಹಿಸ್ತೀನಿ, ಆದರೆ ಸಾಕ್ಷಿಯಾಗಿ.

ಹುಣಸೂರಿಗೆ ಬನ್ನಿ. 1864ರವರೆಗೆ ಇಲ್ಲಿ ಸರ್ಕಾರಿ ಕಾರ್ಖಾನೆ ಇತ್ತು. ಸೈನ್ಯಕ್ಕೆ ಬೂಟು, ಚರ್ಮದ ಚೀಲ, ಕಂಬಳಿ ಇಲ್ಲಿಂದ ಹೋಗ್ತಿದ್ವು. ಆ ಚರ್ಮ ಹದ ಮಾಡಿದ ಕೈ ಯಾರವು ಅಂತ ಬಿಡಿಸಿ ಹೇಳಬೇಕಾ? ಆ ಕೈಗಳ ಒಂದು ಪ್ರಿಂಟೂ ನನಗೆ ಸಿಕ್ಕಿಲ್ಲ.

ಅದಕ್ಕೇ ಈ ಬರಹ. 2012ರ ತಿದ್ದುಪಡಿವರೆಗೆ ನಮ್ಮ ಕಾನೂನಿನಲ್ಲಿ ಫೋಟೊದ ಹಕ್ಕುಸ್ವಾಮ್ಯ ಪ್ರಕಟವಾದ ಮೇಲೆ 60 ವರ್ಷ ಇತ್ತು. ಖೆಡ್ಡಾ ಕಾಲದ ಪ್ರಕಟಿತ ಚಿತ್ರಗಳಲ್ಲಿ ಬಹುಪಾಲು ಈಗ ಎಲ್ಲರವು. ಕೊಳ್ಳೋ ಶಕ್ತಿ ಇದ್ದವರು ಒಳ್ಳೇ ಪ್ರಿಂಟ್ ಕೊಳ್ಳಿ. ಇಲ್ಲದವರು ಸಾದಾ ಪ್ರತಿ ತೆಗೆಸಿ. ಯಾವುದೇ ಆಗಲಿ, ಮೊದಲು ಹಾಡಿಗೆ, ಕೇರಿಗೆ ಒಯ್ಯಿರಿ, ಹಿರಿಯರಿಗೆ ತೋರಿಸಿ. ಅವರು ಹೇಳಿದ್ದನ್ನು ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೀರಿ. ಪೆನ್ನಿನ ಶಾಯಿ ಚಿತ್ರಕ್ಕೆ ಇಳಿಯುತ್ತೆ.

ಪಿರಿಯಾಪಟ್ಟಣ, ಕೆ.ಆರ್. ನಗರದ ನಮ್ಮ ಮನೆಗಳ ಟ್ರಂಕಿನಲ್ಲೂ ಫೋಟೊಗಳಿವೆ: ಮದುವೆ, ಹಾಸ್ಟೆಲ್, ಅಂಬೇಡ್ಕರ್ ಜಯಂತಿ ಮೆರವಣಿಗೆ. ಮನೆಯವರನ್ನು ಕೇಳಿ, ಒಪ್ಪಿದರೆ ಸ್ಕ್ಯಾನ್ ಮಾಡಿ, ಮೂಲ ಅವರಿಗೇ ವಾಪಸ್ ಕೊಡಿ.

ನಮ್ಮವ್ವನ ಒಂದೇ ಫೋಟೊ ಇರೋದು, ವೋಟರ್ ಕಾರ್ಡಿನದ್ದು. ಅದನ್ನೂ ಅದೇ ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿದೀನಿ. ಖೆಡ್ಡಾ ಪಕ್ಕದಲ್ಲೇ ಇದೆ. ಕೆಳಗೆ ಅವಳ ಹೆಸರು ಬರೆದಿದೀನಿ.