ವೈದ್ಯ ವಿದ್ಯಾರ್ಥಿಗೆ ರೋಗಿಯ ಭಾಷೆಯ ಪಾಠ

ಎಂಬಿಬಿಎಸ್ ಶಿಕ್ಷಣದಲ್ಲಿ 2019ರ ತಂಡದಿಂದ ದೇಶದಾದ್ಯಂತ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಿತು. ಅದಕ್ಕೂ ಮುನ್ನ ವಿದ್ಯಾರ್ಥಿಯ ಮೊದಲ ವರ್ಷ ಬಹುತೇಕ ಶವಚ್ಛೇದನ ಕೊಠಡಿ ಹಾಗೂ ಪ್ರಯೋಗಶಾಲೆಗಳಲ್ಲೇ ಕಳೆಯುತ್ತಿತ್ತು. ರೋಗಿಯ ಮುಖದರ್ಶನ ಆ ಬಳಿಕವೇ. ಹೊಸ ಕ್ರಮದಲ್ಲಿ ತರಗತಿಗಳ ಆರಂಭಕ್ಕೆ ಒಂದು ತಿಂಗಳ ಬುನಾದಿ ತರಬೇತಿ ಸೇರಿತು. ಪ್ರಥಮ ಚಿಕಿತ್ಸೆ, ಸೋಂಕು ತಡೆ, ಆಸ್ಪತ್ರೆ ತ್ಯಾಜ್ಯ ವಿಲೇವಾರಿಯ ಜೊತೆಗೆ ಸ್ಥಳೀಯ ಭಾಷೆಯೂ ಅದರಲ್ಲಿತ್ತು. ಅವಧಿ ಮುಂದೆ ಮೊಟಕಾಯಿತು.

ಕರ್ನಾಟಕಕ್ಕೆ ಬರುವ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಭಾಷೆಯದೇ ದೊಡ್ಡ ತೊಡಕು. ಅದನ್ನು ಕೆಲವೇ ದಿನಗಳಲ್ಲಿ ಕಲಿಸಿಬಿಡಬಹುದೆಂಬ ಎಣಿಕೆ ತುಸು ಅತಿಯಾಯಿತು. ವಯಸ್ಸಾದ ರೋಗಿಯೊಬ್ಬರು ‘ಸಂಕಟ’ ಎಂದಾಗ ಅದು ಎದೆಯದೋ, ಹೊಟ್ಟೆಯದೋ, ಮನಸ್ಸಿನದೋ ಎಂದು ಮರುಪ್ರಶ್ನೆ ಹಾಕಬೇಕು. ಇಲ್ಲವಾದರೆ ಹೃದಯಾಘಾತವೂ ‘ಗ್ಯಾಸ್ಟ್ರಿಕ್’ ಎನಿಸಿ, ರೋಗಿ ಮಾತ್ರೆಯೊಂದಿಗೆ ಮನೆಗೆ ಮರಳಬಹುದು.