ಕಾವಿಗೆ ಕೂತ ಹೇಂಟೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತರಾಗಿ ಊರಿಗೆ ಮರಳಿ, ಹಿತ್ತಿಲಲ್ಲಿ ನಾಟಿ ಕೋಳಿಗಳನ್ನು ಸಾಕಿದ್ದಾರೆ. ಹೇಂಟೆಯೊಂದು ಮೂರು ದಿನಗಳಿಂದ ಗೂಡು ಬಿಟ್ಟು ಏಳುತ್ತಿಲ್ಲ, ಇದು ರೋಗವೇ ಎಂದು ಅವರು ಕೇಳಿದರು. ರೋಗವಲ್ಲ, ಅದು ಕಾವಿಗೆ ಕೂತಿದೆ. ಆದರೆ ಇದನ್ನು ತಡೆಯಬೇಕೆ, ಬಿಡಬೇಕೆ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಕಾವಿನ ಲಕ್ಷಣಗಳು ಸ್ಪಷ್ಟ. ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ದಿನಕ್ಕೆ ಒಂದೆರಡು ಬಾರಿ ಮಾತ್ರ ಎದ್ದು ಕಾಳು ತಿಂದು, ನೀರು ಕುಡಿದು ಓಡಿಬರುತ್ತದೆ. ಎದೆಯ ಕೆಳಗಿನ ಪುಕ್ಕ ಉದುರಿ ಬರಿಯ ಚರ್ಮ ಕಾಣುತ್ತದೆ. ರೋಗ ಬಂದ ಕೋಳಿ ರೆಕ್ಕೆ ಜೋಲುಬಿಟ್ಟು ತೂಕಡಿಸುತ್ತದೆ. ಕಾವಿಗೆ ಕೂತದ್ದಾದರೋ ಕೈ ಚಾಚಿದೊಡನೆ ಮೈ ಉಬ್ಬಿಸಿ ಕುಕ್ಕಲು ಬರುತ್ತದೆ.

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನ್ ಲೇಖಕ ಕೊಲುಮೆಲ್ಲಾ ಕೃಷಿಯನ್ನು ಕುರಿತು ಹನ್ನೆರಡು ಸಂಪುಟಗಳ ಗ್ರಂಥ ಬರೆದನು. ಅದರ ಎಂಟನೆಯ ಸಂಪುಟದಲ್ಲಿ ಕೋಳಿಯ ವಿಚಾರವಿದೆ. ಕಾವಿಗೆ ಬೆಸ ಸಂಖ್ಯೆಯ ಮೊಟ್ಟೆಗಳನ್ನೇ ಇಡಬೇಕು, ಜನವರಿಯಲ್ಲಿ 15, ಮಾರ್ಚಿಯಲ್ಲಿ 19, ಏಪ್ರಿಲ್‌ನಲ್ಲಿ 21 ಎಂದು ಅವನ ಲೆಕ್ಕ. ಎಳೆಯ ಹೇಂಟೆಗಳು ಮೊಟ್ಟೆಗೇ ಹೆಚ್ಚು ಉಪಯುಕ್ತವಾದ್ದರಿಂದ, ಮೂಗಿನ ಹೊಳ್ಳೆಗಳಲ್ಲಿ ಸಣ್ಣ ಗರಿಯೊಂದನ್ನು ತೂರಿಸಿ ಅವುಗಳ ಕಾವು ಬಿಡಿಸಬೇಕೆಂದೂ ಹೇಳುತ್ತಾನೆ. ಗುಡುಗಿನಿಂದ ಮೊಟ್ಟೆ ಕೆಡದಿರಲೆಂದು ಗೂಡಿನ ಹುಲ್ಲಿನಡಿ ಬೆಳ್ಳುಳ್ಳಿಯನ್ನೂ ಕಬ್ಬಿಣದ ಮೊಳೆಗಳನ್ನೂ ಇಡುವ ರೂಢಿಯನ್ನು ದಾಖಲಿಸುತ್ತಾನೆ.

ಇದನ್ನು ಓದಿದಾಗ ನಾನು ಬೆರಗಾದೆ. ನಮ್ಮ ಅಜ್ಜಿಯೂ ಕಾವಿನ ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುತ್ತಿದ್ದರು. ಗರಿಯ ಉಪಾಯವನ್ನೂ ಬಲ್ಲವರಾಗಿದ್ದರು. ಅಕ್ಷರವನ್ನೇ ಕಲಿಯದ ಅವರು ಕೊಲುಮೆಲ್ಲಾನ ಹೆಸರು ಕೇಳಿರಲಿಲ್ಲ. ಒಂದೇ ಕಷ್ಟ ಎದುರಾದಾಗ ದೂರದೂರದ ಜನರಿಗೂ ಒಂದೇ ಬಗೆಯ ಉಪಾಯ ಹೊಳೆಯುವುದುಂಟು.

ಆ ಕಷ್ಟ ಸಣ್ಣದಲ್ಲ. ಕಾವು 21 ದಿನ. ಬಳಿಕ ಮರಿಗಳನ್ನು ಸಲಹುವ ವಾರಗಳು. ಅಷ್ಟು ಕಾಲವೂ ಮೊಟ್ಟೆಯಿಲ್ಲ. ನನ್ನ ಸ್ಲೇಟು, ಬಳಪಗಳು ಮೊಟ್ಟೆ ಮಾರಿದ ಕಾಸಿನಿಂದಲೇ ಬರುತ್ತಿದ್ದವು. ಇಂದಿನ ಕಾಸೋ, ನಾಳಿನ ಮರಿಯೋ ಎಂಬುದನ್ನು ಅಜ್ಜಿ ಪ್ರತಿ ಸಲವೂ ತೂಗಿ ನೋಡಬೇಕಾಗಿತ್ತು.

ತಾಯಿಯಿಲ್ಲದೆ ಮರಿ ಮಾಡಿಸುವ ಯತ್ನವೂ ಪುರಾತನವೇ. ಈಜಿಪ್ಟಿನಲ್ಲಿ ಗೊಬ್ಬರದ ರಾಶಿಯ ಬಿಸಿಯಲ್ಲಿ ಮೊಟ್ಟೆ ಒಡೆಸುತ್ತಿದ್ದುದನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್ ಹೇಳಿದ್ದಾನೆ. ಮುಂದೆ ಅಲ್ಲಿ ಸಾವಿರಾರು ಮೊಟ್ಟೆಗಳಿಗೆ ಒಮ್ಮೆಲೇ ಶಾಖ ಕೊಡುವ ಒಲೆಮನೆಗಳು ಬಂದವು. 1749ರಲ್ಲಿ ಫ್ರಾನ್ಸಿನ ರೆಯೊಮ್ಯೂರ್ ಇದೇ ವಿಷಯದ ಮೇಲೆ ಗ್ರಂಥ ಪ್ರಕಟಿಸಿದನು. 1930ರ ದಶಕದಲ್ಲಿ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೇಂಟೆಯನ್ನು ಕಾವಿಗೆ ಕೂರಿಸುತ್ತದೆಂದು ತೋರಿಸಿದರು. ಯಂತ್ರವೇ ಕಾವು ಕೊಡುವಂತಾದ ಮೇಲೆ ತಾಯ್ತನ ವ್ಯಾಪಾರಕ್ಕೆ ಅಡ್ಡಿಯೆನಿಸಿತು. ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ತಳಿ ಬೆಳೆಸಲಾಯಿತು. ಬಿಳಿ ಲೆಗ್‌ಹಾರ್ನ್ ಇಂದು ಕಾವಿಗೆ ಕೂರುವುದು ತೀರ ಅಪರೂಪ.

ಮರಿ ಬೇಡವಾದವರಿಗೆ ಗರಿಯ ಹಿಂಸೆ ಅನಗತ್ಯ. ಅದರಿಂದ ಮೂಗಿಗೆ ಗಾಯವಾಗಿ ಕೀವಾಗಬಹುದು. ಎದೆಯ ಚರ್ಮಕ್ಕೆ ತಗಲುವ ಮೊಟ್ಟೆ ಮತ್ತು ಗೂಡಿನ ಸ್ಪರ್ಶವೇ ಕಾವಿನ ಗುಂಗನ್ನು ಉಳಿಸುವುದು. ಆದ್ದರಿಂದ ಮೊಟ್ಟೆಗಳನ್ನು ದಿನವೂ ತೆಗೆದು, ಕೋಳಿಯನ್ನು ಕೆಳಗಿನಿಂದ ಗಾಳಿಯಾಡುವ ತಂತಿಯ ತಳದ ಪಂಜರದಲ್ಲಿ ಮೇವು ನೀರಿಟ್ಟು ಕೆಲವು ದಿನ ಬಿಟ್ಟರೆ ಸಾಕು. ಮರಿ ಬೇಕಾದವರು ಅದು ಕವುಚಿಕೊಳ್ಳುವಷ್ಟೇ, ಅಂದರೆ ಹತ್ತು ಹನ್ನೆರಡು ಹೊಸ ಮೊಟ್ಟೆಗಳನ್ನು ಇಡಲಿ. ಇಲಿ, ಹೆಗ್ಗಣ, ಹೇನುಗಳಿಂದ ಕಾಪಾಡಲಿ. ಮೇವು ನೀರು ಹತ್ತಿರದಲ್ಲಿರಲಿ. ವಾರದ ನಂತರ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ, ಜೀವವಿರುವ ಮೊಟ್ಟೆಯೊಳಗೆ ರಕ್ತನಾಳಗಳ ಜಾಲ ಕಾಣುತ್ತದೆ.

ಕೋಟಿಗಟ್ಟಲೆ ಕೋಳಿಗಳು ಇಂದು ತಾಯಿಯ ರೆಕ್ಕೆಯನ್ನು ಕಾಣದೆ ಹುಟ್ಟಿ, ತಾವೂ ತಾಯಾಗದೆ ಮುಗಿಯುತ್ತವೆ. ನಮ್ಮ ನಾಟಿ ಹೇಂಟೆ ಮಾತ್ರ ಯಾರೂ ಕಲಿಸದಿದ್ದರೂ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಾ ಕೂತಿರುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಅದರ ಪಾಡಿಗೆ ಕೂರಲು ಬಿಡಿ. ಮೊಮ್ಮಕ್ಕಳು ಊರಿಗೆ ಬರುವ ರಜೆಗೆ ಸರಿಯಾಗಿ 21 ದಿನ ಹಿಂದಕ್ಕೆ ಎಣಿಸಿ ಮೊಟ್ಟೆ ಇಟ್ಟರೆ, ಯಾವ ಪಾಠಪುಸ್ತಕವೂ ಕಲಿಸದ ಪಾಠವನ್ನು ಆ ಮಕ್ಕಳು ಕಣ್ಣಾರೆ ಕಾಣುತ್ತಾರೆ.