ಮೃತರ ಮನೆ ಮಾರಾಟ (ಬೀದರ್, ಭಾಲ್ಕಿ, ಔರಾದ್)

ಮನೆ ಯಜಮಾನ ತೀರಿಕೊಂಡ ಮೇಲೆ ಅವರ ಮನೆಯನ್ನು ವಾರಸುದಾರರು ಮಾರುವ ಕ್ರಮ. ಮುಂಬಯಿ, ಚೆನ್ನೈ ನಗರಗಳ ಹಿಂದೂ ಉಯಿಲುಗಳಿಗೆ ದೀರ್ಘಕಾಲ ಪ್ರೊಬೇಟ್ (ಉಯಿಲಿಗೆ ನ್ಯಾಯಾಲಯದ ದೃಢೀಕರಣ) ಬೇಕಿತ್ತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಸೀಮೆಗೆ ಆ ಕಡ್ಡಾಯವಿಲ್ಲ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಬರೆಯುವಂತಿಲ್ಲ.

ಸಾಮಾನ್ಯವಾಗಿ ಮರಣ ಪ್ರಮಾಣಪತ್ರ, ವಂಶವೃಕ್ಷ ಪಡೆದು ಖಾತೆ ಬದಲಾಯಿಸಿ, ಎಲ್ಲ ವಾರಸುದಾರರೂ ಉಪನೋಂದಣಿ ಕಚೇರಿಯಲ್ಲಿ ಸಹಿ ಮಾಡುತ್ತಾರೆ. ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಮುಖ್ತಾರನಾಮೆ ಬರೆದುಕೊಡುವುದುಂಟು. ನಿಜಾಮರ ಕಾಲದ ಉರ್ದು ಕಾಗದಗಳಿದ್ದರೆ ಅನುವಾದ ಮಾಡಿಸಬೇಕು.

ಹೆಚ್ಚಿನ ವ್ಯಾಜ್ಯ ಹುಟ್ಟುವುದು ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಬರೆದ ವಂಶವೃಕ್ಷದಿಂದ. ಇದು ಅನ್ಯಾಯವೂ ಹೌದು. 2005ರ ತಿದ್ದುಪಡಿಯಂತೆ ಹಿಂದೂ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಣ್ಣನೊಬ್ಬನೇ ಮಾರಿದರೆ ಕೊಂಡವನಿಗೆ ದಕ್ಕುವುದು ಅಣ್ಣನ ಪಾಲು ಮಾತ್ರ.